ಸದಾ ಲಾಯದಲ್ಲೇ ಕಟ್ಟಿರುವ ಕುದುರೆ ಕಂಡರೆ ಏನು ಮಾಡಬೇಕು?

ಆಷಾಢ ಬಂತು ಅಂದರೆ ನಮ್ಮ ಕಡೆ ಮದುವೆ ಇಲ್ಲ. ಮದುವೆ ಇಲ್ಲ ಅಂದ ಮೇಲೆ ಮೆರವಣಿಗೆ ಎಲ್ಲಿಂದ ಬರಬೇಕು? ಬ್ಯಾಂಡ್‌ಸೆಟ್ಟಿನ ಹಿಂದೆ ಮದುಮಗನನ್ನು ಹೊತ್ತು ಕುಣಿಯುವ ಕುದುರೆಗೆ ಆ ಒಂದು ತಿಂಗಳು ಪೂರ್ತಿ ರಜೆ. ರಜೆ ಅಂದರೆ ಬಯಲಲ್ಲಿ ಮೇಯೋದು ಅಂದುಕೊಂಡಿರಾ? ಅಲ್ಲ. ಶೀಟಿನ ಶೆಡ್ಡು, ಎರಡು ಮೊಳದ ಹಗ್ಗ, ಅಷ್ಟೇ. ಮೈಸೂರು, ಶ್ರೀರಂಗಪಟ್ಟಣ, ಮಂಡ್ಯದ ಸುತ್ತ ಹೀಗೆ ನಿಂತಿರುವ ಕುದುರೆಗಳನ್ನು ನೀವೂ ನೋಡಿರುತ್ತೀರಿ.

ಇನ್ನೊಂದು ಬಗೆ ಫಾರ್ಮ್‌ಹೌಸ್ ಕುದುರೆ. ಯಾರೋ ಆಸೆಪಟ್ಟು ತಂದಿರುತ್ತಾರೆ, ಮೊದಲ ತಿಂಗಳು ದಿನಾ ಫೋಟೋ, ಆಮೇಲೆ ಮಗನಿಗೆ ಕಾಲೇಜು, ಅಪ್ಪನಿಗೆ ಬೆನ್ನುನೋವು, ಕುದುರೆ ಮಾತ್ರ ಟೈಲ್ಸ್ ಹಾಕಿದ ಲಾಯದಲ್ಲಿ ಫ್ಯಾನಿನ ಕೆಳಗೆ ನಿಂತೇ ಇರುತ್ತದೆ. ನೋಡಿದವರು "ಏನು ಪುಣ್ಯ ಮಾಡಿತ್ತೋ" ಅನ್ನುತ್ತಾರೆ. ಶೀಟಿನ ಶೆಡ್ಡಿನ ಕುದುರೆಗಿಂತ ಇದರ ಪಾಡು ಒಂದು ಕೂದಲೂ ವಾಸಿಯಲ್ಲ ಅಂತ ನಾನು ಹೇಳುತ್ತೇನೆ. ಶೆಡ್ಡಿನದಕ್ಕೆ ಕೊನೇಪಕ್ಷ ರಸ್ತೆಯಾದರೂ ಕಾಣುತ್ತದೆ.

ನನ್ನ ಹತ್ತಿರ ಒಂದು ಹೆಣ್ಣುಕುದುರೆ ಇದೆ. ಒಂದು ಮಳೆಗಾಲ ನಾನೇ ಅದನ್ನು ಹೀಗೆ ಕಟ್ಟಿ ಹಾಕಿದ್ದೆ, ಆ ಕಥೆ ಮುಂದೆ ಹೇಳುತ್ತೇನೆ. ಹಾಗಾಗಿ ಇದನ್ನು ಯಾರನ್ನೋ ಬೈಯಲು ಬರೆಯುತ್ತಿಲ್ಲ. ದಿನಾ ಅಂಥ ಕುದುರೆಯ ಮುಂದೆ ಹಾದುಹೋಗಿ, ಹೊಟ್ಟೆ ಚುರುಕ್ ಅಂದು, ಏನು ಮಾಡಬೇಕೋ ಗೊತ್ತಾಗದೆ ಸುಮ್ನೆ ಹೋಗುವವರಿಗಾಗಿ ಬರೆಯುತ್ತಿದ್ದೇನೆ. ಸ್ವಂತ ಕುದುರೆ ಇರುವವರಿಗೂ ಉಪಯೋಗ ಆಗಬಹುದು.

ಮೊದಲು ನೋಡಿ, ಒಂದು ವಾರ ನೋಡಿ

ಒಂದು ಸಲ ನೋಡಿ ತೀರ್ಮಾನಕ್ಕೆ ಬರಬೇಡಿ. ನೀವು ವಾಕಿಂಗ್ ಹೋಗುವ ಆರೂವರೆಗೆ ಕುದುರೆ ಕಟ್ಟಿದ್ದರೆ, ಅದು ನಾಲ್ಕು ಗಂಟೆಗೇ ಹೊರಗೆ ಹೋಗಿ ಬಂದಿರಬಹುದು. ಬಿಸಿಲಿಗೆ ಹೆದರಿ ನಸುಕಿನಲ್ಲೇ ಓಡಾಡಿಸುವವರು ಇದ್ದಾರೆ. ಕಾಲಿಗೆ ಪೆಟ್ಟಾಗಿ ಡಾಕ್ಟರೇ "ಹೊರಗೆ ಬಿಡಬೇಡಿ" ಅಂದಿರಲೂಬಹುದು. ಅದಕ್ಕೇ ಏಳು ದಿನ, ಬೇರೆ ಬೇರೆ ಹೊತ್ತಲ್ಲಿ ಒಂದು ಕಣ್ಣು ಹಾಕಿ, ಫೋನಲ್ಲಿ ತಾರೀಕು ಮತ್ತು ಟೈಮು ಬರೆದಿಟ್ಟುಕೊಳ್ಳಿ. ಗೇಟಿನ ಮುಂದಿನ ಮಣ್ಣನ್ನೂ ನೋಡಿ. ಹೊರಗೆ ಹೋಗಿ ಬರುವ ಕುದುರೆಯಾದರೆ ಗೊರಸಿನ ಗುರುತು ಇರಲೇಬೇಕು, ಮಳೆ ಬಿದ್ದ ಮಾರನೇ ದಿನವಂತೂ ಅಚ್ಚು ಒತ್ತಿದ ಹಾಗೆ ಕಾಣುತ್ತದೆ.

ಆಮೇಲೆ ಕುದುರೆಯನ್ನೇ ನೋಡಿ. ಮೊದಲು ಕಾಲು. ಹಿಂಗಾಲಿನ ಕೆಳಭಾಗ, ಗೊರಸಿನ ಮೇಲಿನ ಗಂಟಿನ ಹತ್ತಿರ, ಎರಡೂ ಕಾಲು ಒಂದೇ ಸಮ ಊದಿಕೊಂಡು ಕಂಬದ ಹಾಗೆ ಕಾಣುತ್ತಿದೆಯಾ? ಮುಟ್ಟಿದರೆ ಬಿಸಿ ಇಲ್ಲ, ನೋವೂ ಇಲ್ಲ, ಹತ್ತು ಹದಿನೈದು ನಿಮಿಷ ನಡೆಸಿದರೆ ಇಳಿಯುತ್ತದೆ ಅಂದರೆ ಅದು ನಿಂತೂ ನಿಂತೂ ಬಂದ ಬಾವು. ಒಂದೇ ಕಾಲು ಊದಿ ಬಿಸಿಯಾಗಿದ್ದರೆ ಅದು ಬೇರೆ ವಿಷಯ, ಡಾಕ್ಟರ್ ಬೇಕು.

ಎರಡನೆಯದು ಅದರ ಚಾಳಿ. ಬಾಗಿಲಲ್ಲಿ ನಿಂತು ತಲೆಯನ್ನು ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ ಗಡಿಯಾರದ ಲೋಲಕದ ಹಾಗೆ ತೂಗುತ್ತಾ ಮುಂಗಾಲು ಬದಲಿಸುತ್ತಿರುತ್ತದೆ. ನಮ್ಮೂರಲ್ಲಿ ಮೆರವಣಿಗೆ ಕುದುರೆ ಕುಣಿಯೋದು ಎಲ್ಲರೂ ಕಂಡಿರುವುದರಿಂದ ಮಕ್ಕಳು "ಕುದುರೆ ಡ್ಯಾನ್ಸ್ ಮಾಡ್ತಿದೆ" ಅಂತ ಚಪ್ಪಾಳೆ ತಟ್ಟುತ್ತಾರೆ. ಡ್ಯಾನ್ಸ್ ಅಲ್ಲ ಅದು. ಇನ್ನು ಕೆಲವು ಕುದುರೆ ಮರದ ಅಂಚನ್ನು ಹಲ್ಲಿಂದ ಗಟ್ಟಿಯಾಗಿ ಕಚ್ಚಿ ಹಿಡಿದು, ಕತ್ತು ಬಿಗಿಮಾಡಿ "ಗೊಕ್" ಅಂತ ಗಾಳಿ ಎಳೆಯುತ್ತವೆ. ಮುಂದಿನ ಹಲ್ಲು ಸವೆದಿದೆಯಾ, ಬಾಗಿಲ ಪಟ್ಟಿ ಕಚ್ಚಿ ಕಚ್ಚಿ ಹಳ್ಳ ಬಿದ್ದಿದೆಯಾ ನೋಡಿದರೆ ಗೊತ್ತಾಗುತ್ತದೆ. ಈ ಚಾಳಿ ಒಮ್ಮೆ ಹತ್ತಿದರೆ ಕುದುರೆಯನ್ನು ಹೊರಗೆ ಬಿಟ್ಟ ಮೇಲೂ ಪೂರ್ತಿ ಹೋಗದೆ ಇರಬಹುದು. ಕತ್ತಿಗೆ ಪಟ್ಟಿ ಬಿಗಿದು ನಿಲ್ಲಿಸುವುದು ಔಷಧಿಯಲ್ಲ, ಬಾಯಿ ಮುಚ್ಚಿಸಿದ ಹಾಗೆ ಅಷ್ಟೇ.

ಮೂರನೆಯದು ವಾಸನೆ. ಲಾಯದೊಳಗೆ ಬಗ್ಗಿ ಮಂಡಿಯೂರಿ ಕೂತು ಉಸಿರು ಎಳೆದುಕೊಳ್ಳಿ. ನಿಂತಾಗ ಗೊತ್ತಾಗದ ಘಾಟು ಅಲ್ಲಿ ಕಣ್ಣಲ್ಲಿ ನೀರು ತರಿಸುತ್ತದೆ. ಉಚ್ಚೆ ಕೊಳೆತು ಹುಟ್ಟುವ ಅಮೋನಿಯಾ ಅದು. ಕುದುರೆ ಮಲಗಿದಾಗ, ಕೆಳಗಿನ ಮೇವು ತಿನ್ನುವಾಗ ಉಸಿರಾಡುವುದು ಇದೇ ಗಾಳಿಯನ್ನು. ಗೊರಸು ಎತ್ತಿ ನೋಡಲು ಬಿಟ್ಟರೆ ತಳದ ಮೆತ್ತನೆ ತ್ರಿಕೋನದ ಪಕ್ಕದ ಸಂದಿಯಲ್ಲಿ ಕಪ್ಪು ಕೀವಿನಂಥದ್ದು, ಕೆಟ್ಟ ನಾತ ಇದೆಯಾ ನೋಡಿ. ಅದು ಒದ್ದೆ ನೆಲದ ಕಾಣಿಕೆ.

ಇನ್ನೊಂದು, ಹೆಚ್ಚಿನವರು ನೋಡದೆ ಬಿಡುವುದು: ಮಲಗುತ್ತಿದೆಯಾ ಇಲ್ಲವಾ? ಕುದುರೆ ನಿಂತೇ ನಿದ್ದೆ ಮಾಡುತ್ತದೆ ಅಂತ ನಾವೆಲ್ಲ ಓದಿದ್ದೇವೆ. ನಿಜ, ಆದರೆ ಅದು ಅರ್ಧ ನಿಜ. ತೂಕಡಿಕೆಗೆ ನಿಂತರೆ ಸಾಕು, ಗಾಢ ನಿದ್ದೆಗೆ ಮಲಗಲೇಬೇಕು, ದಿನಕ್ಕೆ ಅರ್ಧ ಮುಕ್ಕಾಲು ಗಂಟೆಯಾದರೂ. ಎರಡು ಮೊಳದ ಹಗ್ಗದಲ್ಲಿ ಕಟ್ಟಿದ ಕುದುರೆ ಹೇಗೆ ಮಲಗುತ್ತದೆ ಹೇಳಿ? ಬೆಳಿಗ್ಗೆ ಬಾಲದಲ್ಲಿ, ಕೇಸರದಲ್ಲಿ ಹುಲ್ಲಿನ ಎಳೆ ಸಿಕ್ಕಿದ್ದರೆ ರಾತ್ರಿ ಮಲಗಿದೆ ಅಂತ ಲೆಕ್ಕ. ಬದಲಿಗೆ ಮುಂಗಾಲಿನ ಗಂಟಿನ ಮುಂಭಾಗದಲ್ಲಿ ಮತ್ತೆ ಮತ್ತೆ ತರಚಿದ ಗಾಯ ಕಂಡರೆ, ನಿದ್ದೆ ಸಾಲದೆ ನಿಂತಲ್ಲೇ ಕುಸಿದು ಬೀಳುತ್ತಿರಬಹುದು.

ನಿಂತರೆ ಏನಾಗುತ್ತೆ ಅಂತ ಕೇಳಿದರೆ

ಯಜಮಾನರು ಕೇಳೇ ಕೇಳುತ್ತಾರೆ: "ಹೊಟ್ಟೆಗೆ ಹಾಕ್ತೀವಿ, ನೆರಳದೆ, ಇನ್ನೇನ್ ಬೇಕು?" ಉತ್ತರ ಗೊತ್ತಿರಲಿ.

ಬಯಲಲ್ಲಿ ಬಿಟ್ಟ ಕುದುರೆ ದಿನದ 24 ಗಂಟೆಯಲ್ಲಿ 14ರಿಂದ 16 ಗಂಟೆ ಒಂದೊಂದೇ ಹೆಜ್ಜೆ ಇಡುತ್ತಾ ಮೇಯುತ್ತದೆ. ಅದರ ಹೊಟ್ಟೆ ಸಣ್ಣದು, ಹೆಚ್ಚೆಂದರೆ ಒಂದು ಬಕೆಟ್ ಹಿಡಿಯುವಷ್ಟು, ಆದರೆ ಅದರಲ್ಲಿ ಆಮ್ಲ ಮಾತ್ರ ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತದೆ, ಮೇವು ಇರಲಿ ಬಿಡಲಿ. ಆ ಆಮ್ಲವನ್ನು ತಣಿಸುವುದು ಜೊಲ್ಲು. ಹಸು ಮೆಲುಕು ಹಾಕುವಾಗಲೂ ಜೊಲ್ಲು ಬರುತ್ತದೆ, ಕುದುರೆಗೆ ಮೆಲುಕು ಇಲ್ಲ, ಅಗಿಯುವಾಗ ಮಾತ್ರ ಜೊಲ್ಲು. ಬೆಳಿಗ್ಗೆ ಒಂದು ಹೊರೆ, ಸಂಜೆ ಒಂದು ಹೊರೆ ಅಂತ ಹಸುವಿನ ಲೆಕ್ಕದಲ್ಲಿ ಹಾಕಿದರೆ ನಡುವಿನ ಹೊತ್ತೆಲ್ಲ ಖಾಲಿ ಹೊಟ್ಟೆಯ ಗೋಡೆ ಸುಡುತ್ತದೆ, ಹುಣ್ಣಾಗುತ್ತದೆ. ನಮ್ಮ ಊರುಗಳಲ್ಲಿ ತಪ್ಪು ಆಗುವುದು ಬಹಳ ಸಲ ಇಲ್ಲೇ. ಕುದುರೆಯನ್ನು ಕೊಟ್ಟಿಗೆಯಲ್ಲಿ ಕಟ್ಟುತ್ತೇವೆ, ಹಾಗಾಗಿ ಹಸು ಅಂದುಕೊಂಡುಬಿಡುತ್ತೇವೆ.

ಕಾಲಿನದು ಇನ್ನೊಂದು ಕಥೆ. ಕುದುರೆಯ ಮುಂಗಾಲಿನ ಮಂಡಿಯಿಂದ ಕೆಳಗೆ ಮಾಂಸಖಂಡವೇ ಇಲ್ಲ, ಬರೀ ಮೂಳೆ, ನರದಂಥ ಹುರಿ, ಚರ್ಮ. ರಕ್ತ ಮೇಲಕ್ಕೆ ಹೋಗಬೇಕಾದರೆ ಹೆಜ್ಜೆ ಇಡಬೇಕು, ಗೊರಸು ನೆಲಕ್ಕೆ ಒತ್ತಿದಾಗಲೆಲ್ಲ ಒಳಗಿನ ರಕ್ತ ಮೇಲಕ್ಕೆ ಚಿಮ್ಮುತ್ತದೆ, ಕೈಪಂಪು ಒತ್ತಿದ ಹಾಗೆ. ಕರುಳೂ ಅಷ್ಟೇ, ನಡೆದಷ್ಟೂ ಸರಾಗ. ಓಡಾಡುವ ಕುದುರೆಯನ್ನು ದಿಢೀರ್ ಅಂತ ಕಟ್ಟಿ ಹಾಕಿದರೆ ಹೊಟ್ಟೆನೋವಿನ ಭಯ ಜಾಸ್ತಿ ಅಂತ ಪಶುವೈದ್ಯರು ಎಚ್ಚರಿಸುವುದು ಇದಕ್ಕೇ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ ಅನ್ನುವುದೂ ನೆನಪಿರಲಿ, ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು.

ಒಂಟಿತನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಿಂಡಿನ ಪ್ರಾಣಿ ಅದು, ಗೊತ್ತಲ್ವಾ.

ಮಾತಾಡೋದು ಹೇಗೆ (ನಾನು ಕೆಡಿಸಿಕೊಂಡ ಕಥೆ ಸಹಿತ)

ಕೆಲವು ವರ್ಷದ ಹಿಂದೆ ಒಂದು ಬಿಳಿ ಕುದುರೆ ನೋಡಿದೆ. ನೆಟ್ಟಗೆ ಹೋಗಿ ಜೋರು ಮಾಡಿದೆ, ವಿಡಿಯೋ ತೆಗೆದೆ, ಗ್ರೂಪುಗಳಿಗೆಲ್ಲ ಹಾಕಿದೆ. ನಾನೂರು ಜನ ಕಣ್ಣೀರಿನ ಗುರುತು ಒತ್ತಿದರು. ಮಾರನೇ ದಿನ ಆ ಶೆಡ್ಡಿನ ಮುಂದೆ ಹಸಿರು ನೆಟ್ಟು ಇಳಿಬಿಟ್ಟಿತ್ತು. ಮೊದಲು ಆ ಕುದುರೆಗೆ ರಸ್ತೆ ಕಾಣುತ್ತಿತ್ತು, ಹೋಗಿಬರುವ ಜನ ಕಾಣುತ್ತಿದ್ದರು. ನನ್ನ ಉಪಕಾರದಿಂದ ಅದೂ ಹೋಯಿತು.

ಎರಡನೇ ಸಲ, ಬೇರೆ ಕುದುರೆ, ಬೇರೆ ಯಜಮಾನರು. ಈ ಸಲ ಒಬ್ಬನೇ ಹೋಗಲಿಲ್ಲ. ನಲವತ್ತು ವರ್ಷ ಟಾಂಗಾ ಹೊಡೆದಿದ್ದ ಒಬ್ಬ ಚಾಚಾ ಪರಿಚಯ ಇದ್ದರು, ಅವರನ್ನು ಕರೆದುಕೊಂಡು ಹೋದೆ. ಚಾಚಾ ತಪ್ಪು ಹುಡುಕಲೇ ಇಲ್ಲ. ಕುದುರೆಯ ಕತ್ತು ಸವರಿ, "ಒಳ್ಳೇ ಜಾನುವಾರು ಕಣಪ್ಪಾ, ಎಲ್ಲಿಂದ ತಂದ್ರಿ?" ಅಂದರು. ಯಜಮಾನರ ಮುಖ ಅರಳಿತು. ಕಾಫಿ ಬಂತು. ಆಮೇಲೆ ಚಾಚಾ ಮೆಲ್ಲಗೆ, "ಹಿಂಗಾಲು ಸ್ವಲ್ಪ ಊದ್ಕೊಂಡಂಗದೆ ಅಲ್ವಾ?" ಅಂದರು.

"ಹೂಂ ಕಣಣ್ಣ, ಏನ್ ಮಾಡನ, ಆಸಾಡದಲ್ಲಿ ಯಾವ್ ಮದ್ವೆ ಅದೆ? ಬುಟ್ರೆ ಹಿಡಿಯೋರ್ ಯಾರು? ಹೋದ್ ಸಲ ಬುಟ್ಟಿದ್ಕೆ ಪಕ್ಕದೋರ್ ರಾಗಿ ಹೊಲ ತುಳ್ದಾಕ್ತು, ಜಗಳಕ್ ಬಂದ್ರು."

ಅಲ್ಲಿ ವಿಷಯ ಬಂತು ನೋಡಿ. ಆ ಮನುಷ್ಯ ಕಲ್ಲು ಹೃದಯದವನೇನಲ್ಲ. ಬೇಲಿ ಇಲ್ಲ, ಹಿಡಿಯಲು ಜನ ಇಲ್ಲ, ಪಕ್ಕದವರ ಭಯ. ಹೆಚ್ಚಿನ ಕಡೆ ಕಾರಣ ಇಂಥದ್ದೇ ಇರುತ್ತದೆ: ಮಳೆ, ಕೆಸರು, ಬೀದಿನಾಯಿ, ಕಳ್ಳತನದ ಭಯ, "ಬಿಟ್ಟರೆ ಮೈ ಬಣ್ಣ ಕೆಡುತ್ತೆ" ಅನ್ನುವ ನಂಬಿಕೆ, ಇಲ್ಲ ನೋಡಿಕೊಳ್ಳುವ ಹುಡುಗ ಕೆಲಸ ಬಿಟ್ಟಿರುತ್ತಾನೆ. ಆ ಕಾರಣ ಯಾವುದು ಅಂತ ತಿಳಿಯುವ ತನಕ ಸಲಹೆ ಕೊಡಬೇಡಿ. ತಿಳಿದ ಮೇಲೆ ಅದೊಂದಕ್ಕೆ ಮಾತ್ರ ದಾರಿ ಹುಡುಕಿ. ಆ ಬಿಳಿ ಕುದುರೆ ವಿಷಯದಲ್ಲಿ ನಾನು ಕಾರಣ ಕೇಳಲೇ ಇಲ್ಲ. ಇಲ್ಲಿ ಚಾಚಾ, "ದಿನಾ ಬೆಳಿಗ್ಗೆ ನಾನೇ ಬಂದು ಅರ್ಧ ಗಂಟೆ ನಡೆಸ್ತೀನಿ, ನಂಗೂ ಕಾಲಾಡ್ದಂಗಾಯ್ತದೆ" ಅಂದರು. ಕೆಲಸ ಅಲ್ಲೇ ಮುಗಿಯಿತು.

ದುಡ್ಡಿನ ಮಾತೂ ಆಡಿ, ಮುಜುಗರ ಬೇಡ. "ಶ್ರಾವಣದಲ್ಲಿ ಮೊದಲ ಮೆರವಣಿಗೆಗೆ ಹೋದಾಗ ಕುದುರೆ ಕುಂಟಿದರೆ ಎಷ್ಟು ಲಾಸು?" ಅನ್ನುವ ಪ್ರಶ್ನೆ ಕರುಣೆಯ ಹತ್ತು ಮಾತಿಗಿಂತ ಬೇಗ ತಲುಪುತ್ತದೆ. ಇದು ಸುಮ್ನೆ ಹೆದರಿಸೋದಲ್ಲ. ವಾರಪೂರ್ತಿ ಗಾಡಿ ಎಳೆದ ಕುದುರೆಗೆ ಭಾನುವಾರ ರಜೆ ಕೊಟ್ಟು, ಹುರುಳಿ ಮಾತ್ರ ಅಷ್ಟೇ ಹಾಕಿದರೆ, ಸೋಮವಾರ ಗಾಡಿಗೆ ಕಟ್ಟಿದ ಸ್ವಲ್ಪ ಹೊತ್ತಿಗೆ ಸೊಂಟದ ಮಾಂಸಖಂಡ ಮರಗಟ್ಟಿ, ಬೆವರು ಸುರಿದು, ಒಂದು ಹೆಜ್ಜೆ ಇಡಲಾಗದೆ ನಿಂತುಬಿಡುತ್ತಿತ್ತು, ಉಚ್ಚೆ ಕಾಫಿ ಬಣ್ಣಕ್ಕೆ ತಿರುಗುತ್ತಿತ್ತು. ಇಂಗ್ಲಿಷಿನವರು ಇದಕ್ಕೆ ಸೋಮವಾರದ ಕಾಯಿಲೆ ಅಂತಲೇ ಹೆಸರಿಟ್ಟಿದ್ದರು. ಒಂದು ದಿನದ ರಜೆಗೇ ಹೀಗಾದರೆ ಒಂದು ತಿಂಗಳು ನಿಂತ ಕುದುರೆಯ ಗತಿ ಏನು?

ಮಾತಿಗೆ ಬಗ್ಗದಿದ್ದರೆ ಮುಂದೇನು? ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರಲ್ಲೇ ಬಂದಿದೆ. ಅದರ 11ನೇ ಸೆಕ್ಷನ್ನಿನಲ್ಲಿ ವಿಪರೀತ ಗಿಡ್ಡ ಅಥವಾ ವಿಪರೀತ ಭಾರದ ಹಗ್ಗ, ಸರಪಳಿಯಲ್ಲಿ ಮಿತಿಮೀರಿದ ಹೊತ್ತು ಕಟ್ಟುವುದು ತಪ್ಪು, ಸಾಕಷ್ಟು ಮೇವು ನೀರು ನೆರಳು ಕೊಡದೆ ಇರುವುದೂ ತಪ್ಪು. ಒಂದು ತಮಾಷೆ ಗೊತ್ತಾ, ಸದಾ ಕಟ್ಟಿ ಹಾಕಿದ ಪ್ರಾಣಿಗೆ ವ್ಯಾಯಾಮ ಕೊಡಬೇಕು ಅಂತ ಅದೇ ಸೆಕ್ಷನ್ನು ಹೆಸರು ಹಿಡಿದು ಹೇಳುವುದು ನಾಯಿಗೆ ಮಾತ್ರ, ಕುದುರೆಯ ಸುದ್ದಿ ಅಲ್ಲಿಲ್ಲ. ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಒಂದು ಮಸಾಲೆ ದೋಸೆಯ ದುಡ್ಡು. ಹಾಗಾಗಿ ಕಾನೂನನ್ನೇ ನಂಬಿ ಕೂರಬೇಡಿ. ಆದರೆ ಮೇವಿಲ್ಲದೆ ಮೂಳೆ ಬಿಟ್ಟುಕೊಂಡಿದೆ, ಗಾಯ ಕೊಳೆತಿದೆ, ಎದ್ದು ನಿಲ್ಲಲಾಗುತ್ತಿಲ್ಲ ಅನ್ನುವಂತಿದ್ದರೆ ಕಾಫಿ ಕುಡಿಯುತ್ತಾ ಮಾತಾಡುವ ಹೊತ್ತಲ್ಲ ಅದು. ಪಶು ಚಿಕಿತ್ಸಾ ವಾಹನಕ್ಕೆ 1962, ಪೊಲೀಸರಿಗೆ 112. ನಿಮ್ಮ ಏಳು ದಿನದ ತಾರೀಕು, ಟೈಮು, ಫೋಟೋ ಆಗ ಕೆಲಸಕ್ಕೆ ಬರುತ್ತದೆ. ನೀವೇ ರಾತ್ರಿ ಹೋಗಿ ಹಗ್ಗ ಕತ್ತರಿಸುವ ಸಾಹಸ ಮಾತ್ರ ಬೇಡ, ಕುದುರೆ ಹೈವೇಗೆ ಬಂದರೆ ಅದೂ ಸಾಯುತ್ತದೆ, ಬೈಕಿನವನೂ ಸಾಯುತ್ತಾನೆ.

ಬಿಚ್ಚುವ ಕ್ರಮ

ಈಗ ನನ್ನ ಕಥೆ. ಆ ಮಳೆಗಾಲ ಮನೆಯಲ್ಲಿ ಕಾಯಿಲೆ, ಆಸ್ಪತ್ರೆ ಓಡಾಟ, ಐದು ವಾರ ಕುದುರೆ ಲಾಯದಿಂದ ಆಚೆ ಬಂದಿರಲಿಲ್ಲ. ಒಂದು ಭಾನುವಾರ ಮಳೆ ಬಿಟ್ಟಿತು. ಪಾಪ ಅನ್ನಿಸಿ ಬಾಗಿಲು ತೆಗೆದು ಬಿಟ್ಟೇಬಿಟ್ಟೆ. ಬಾಲ ಎತ್ತಿಕೊಂಡು ಹಾರಿತು, ಹಿಂಗಾಲು ಝಾಡಿಸಿತು, ತೋಟದ ತುದಿಯವರೆಗೆ ಒಂದೇ ಓಟ, ನಾನು ನಗುತ್ತಾ ನಿಂತಿದ್ದೆ. ತಿರುಗುವಾಗ ಕೆಸರಲ್ಲಿ ಜಾರಿತು. ಸಂಜೆಗೆ ಎಡ ಮುಂಗಾಲಿನ ಹಿಂದಿನ ಹುರಿ ಬಾಳೆಕಾಯಿ ದಪ್ಪ ಆಗಿತ್ತು. ಬಂದ ಡಾಕ್ಟರು "ಇನ್ನು ನಾಲ್ಕು ತಿಂಗಳು ಲಾಯದಲ್ಲೇ ಇರಲಿ" ಅಂದರು. ಬಿಡಲು ಹೋಗಿ ಮತ್ತೆ ಕಟ್ಟಿದ ಹಾಗಾಯಿತು. ಅದಕ್ಕೇ ಹೇಳುವುದು, ದಿಢೀರ್ ಅಂತ ಬಿಡಬೇಡಿ.

ಮೊದಲ ನಾಲ್ಕೈದು ದಿನ ಕೈಯಲ್ಲಿ ಹಗ್ಗ ಹಿಡಿದು ನಡೆಸಿ, ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. ಟಾರು, ಕಾಂಕ್ರೀಟು ಬೇಡ, ಮಣ್ಣುದಾರಿ ಇರಲಿ. ಕಾಲಿಗೆ ಶೂ ಹಾಕಿಕೊಳ್ಳಿ, ಹವಾಯಿ ಚಪ್ಪಲಿಯಲ್ಲಿ ಕುದುರೆ ಹಿಡಿದವನ ಹೆಬ್ಬೆರಳು ಏನಾಗುತ್ತೆ ಅಂತ ನಾನು ನೋಡಿದ್ದೇನೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಎರಡನೇ ವಾರ ಇಪ್ಪತ್ತು, ಮೂವತ್ತು ನಿಮಿಷಕ್ಕೆ ಏರಿಸಿ. ಮೂರನೇ ವಾರ ಸಣ್ಣ ಅಂಗಳದಲ್ಲಿ ಬಿಡಬಹುದು, ಅಗಲ ಇಪ್ಪತ್ತಡಿ, ಉದ್ದ ನಲವತ್ತಡಿ ಇದ್ದರೂ ನಡೆಯುತ್ತದೆ, ನೆಲ ಒಣಗಿರಬೇಕು ಅಷ್ಟೇ. ಬಿಡುವ ಮೊದಲು ಹದಿನೈದು ನಿಮಿಷ ನಡೆಸಿ, ಹೊಟ್ಟೆಗೆ ಒಂದಿಷ್ಟು ಒಣಹುಲ್ಲು ಹಾಕಿ, ಅಂಗಳದಲ್ಲೂ ಎರಡು ಕಡೆ ಹುಲ್ಲು ಇಡಿ, ಆಗ ಹಾರುವ ಬದಲು ತಿನ್ನಲು ನಿಲ್ಲುತ್ತದೆ. ಪಕ್ಕದಲ್ಲಿ ಒಂದು ಮೇಕೆಯೋ ಹಸುವೋ ಇದ್ದರೆ ಇನ್ನೂ ಒಳ್ಳೆಯದು.

ಹಸಿರು ಹುಲ್ಲಿನ ವಿಷಯದಲ್ಲಿ ಇನ್ನೂ ನಿಧಾನ. ತಿಂಗಳುಗಟ್ಟಲೆ ಒಣಹುಲ್ಲು ತಿಂದ ಕುದುರೆಯನ್ನು ನಾಲೆಯ ಏರಿಯ ಸೊಂಪಾದ ಹುಲ್ಲಿಗೆ ದಿನಪೂರ್ತಿ ಬಿಟ್ಟರೆ ಹೊಟ್ಟೆನೋವು ಗ್ಯಾರಂಟಿ ಅನ್ನಿ, ಗೊರಸಿನೊಳಗೆ ಉರಿ ಬಂದು ಖಾಯಂ ಕುಂಟಾಗಲೂಬಹುದು. ಮೊದಲ ದಿನ ಹದಿನೈದು ನಿಮಿಷ, ಆಮೇಲೆ ದಿನಕ್ಕೆ ಹತ್ತು ಹದಿನೈದು ನಿಮಿಷ ಏರಿಸುತ್ತಾ ಹೋಗಿ.

ಬೇಲಿಗೆ ಮುಳ್ಳುತಂತಿ ಬೇಡವೇ ಬೇಡ. ಎಮ್ಮೆ ತಂತಿಗೆ ಸಿಕ್ಕಿಕೊಂಡರೆ ನಿಲ್ಲುತ್ತದೆ, ಕುದುರೆ ಎಳೆಯುತ್ತದೆ, ಮೂಳೆ ಕಾಣುವ ತನಕ. ಬಿದಿರು, ಗಾಳಿಮರದ ಗಳು, ಏನೂ ಇಲ್ಲದಿದ್ದರೆ ಕಣ್ಣಿಗೆ ಕಾಣುವ ಅಗಲ ಪಟ್ಟಿ. ತೆಂಗಿನ ತೋಟ ನೆರಳಿಗೆ ಚೆನ್ನ, ಆದರೆ ಡ್ರಿಪ್ ಪೈಪು ಕಾಲಿಗೆ ಸುತ್ತಿಕೊಳ್ಳುತ್ತದೆ, ಕಾಯಿ ಬಲಿತ ಮರದ ಕೆಳಗಂತೂ ಬೇಡ. ಗಿಡಗಳನ್ನೂ ನೋಡಿಕೊಳ್ಳಿ. ಕಾಂಪೌಂಡಿನ ಅಂದಕ್ಕೆ ಹಾಕಿದ ಕಣಗಿಲೆ ಒಣಗಿದ ಎಲೆಯಲ್ಲೂ ವಿಷ, ಕೆಲವೇ ಎಲೆ ಸಾಕು ಕುದುರೆಯ ಹೃದಯ ನಿಲ್ಲಲು. ಬದುವಿನ ಮೇಲಿನ ಹರಳುಗಿಡದ ಬೀಜವೂ ಹಾಗೇ. ಗದ್ದೆಯಲ್ಲಿ ಬಿಡುವ ಮೊದಲು ಔಷಧಿ ಹೊಡೆದಿದ್ದಾರಾ ಕೇಳಿ.

ಉದ್ದ ಹಗ್ಗ ಕಟ್ಟಿ ಮೇಯಿಸೋದು ನಮ್ಮ ಕಡೆ ಮಾಮೂಲು. ಗೊತ್ತಿಲ್ಲದ ಕುದುರೆ ಹಗ್ಗ ಕಾಲಿಗೆ ಸುತ್ತಿಕೊಂಡು ಗಾಬರಿಯಾಗಿ ಚರ್ಮ ಸುಲಿದುಕೊಳ್ಳುತ್ತದೆ, ಹಾಗಾಗಿ ಪಕ್ಕದಲ್ಲಿ ಒಬ್ಬರು ಕೂತಿರಬೇಕು. ಮಂಡ್ಯದ ಏಪ್ರಿಲ್ ಬಿಸಿಲಲ್ಲಿ ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಐದರ ಮೇಲೆ. ಮಧ್ಯಾಹ್ನ ಲಾಯದ ನೆರಳೇ ಸರಿ.

ಬಿಡಲು ಜಾಗವೇ ಇಲ್ಲ ಅನ್ನುವವರು ಇದ್ದಾರೆ. ಅವರು ದಿನಕ್ಕೆ ಎರಡು ಸಲ ಅರ್ಧರ್ಧ ಗಂಟೆ ನಡೆಸಲಿ, ಲಾಯದಲ್ಲಿ ಹಗ್ಗ ಬಿಚ್ಚಿ ಬಾಗಿಲಿಗೆ ಅಡ್ಡವಾಗಿ ಒಂದು ಗಳು ಹಾಕಲಿ. 12 ಅಡಿಗೆ 12 ಅಡಿ ಇದ್ದರೆ ಕುದುರೆ ತಿರುಗಬಹುದು, ಮಲಗಬಹುದು. ಹಿಂದಿನ ಗೋಡೆಯಲ್ಲಿ ತಲೆ ಆಚೆ ಹಾಕುವಷ್ಟು ಒಂದು ಕಿಟಕಿ ಒಡೆಯಿರಿ, ಆ ಒಂದು ಕಿಟಕಿಯಿಂದ ಗಾಳಿಯೂ ಬರುತ್ತದೆ, ಹೊತ್ತೂ ಹೋಗುತ್ತದೆ. ನೆಲಕ್ಕೆ ರೈಸ್‌ಮಿಲ್ಲಿನ ಭತ್ತದ ಹೊಟ್ಟು ದಪ್ಪಗೆ ಹರಡಿ, ಒದ್ದೆಯಾದದ್ದನ್ನು ದಿನಾ ತೆಗೆಯಿರಿ. ಮಂಡ್ಯದವರಿಗೆ ಹೊಟ್ಟಿಗೆ ಬರವೇ?

ಮೇವು, ನೀರು

ತೂಕ ಗೊತ್ತಿಲ್ಲದೆ ಮೇವಿನ ಲೆಕ್ಕ ಆಗುವುದಿಲ್ಲ. ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ತುದಿಯಿಂದ ಪೃಷ್ಠದ ತುದಿಯವರೆಗೆ ಉದ್ದ, ಎರಡನ್ನೂ ಸೆಂಟಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 165, ಉದ್ದ 140 ಇದ್ದರೆ ಹತ್ತಿರ ಹತ್ತಿರ 320 ಕಿಲೋ. ತೂಕದ ನೂರಕ್ಕೆ ಒಂದೂವರೆಯಿಂದ ಎರಡರಷ್ಟು ಒಣಮೇವು ಬೇಕು, ಅಂದರೆ ಈ ಕುದುರೆಗೆ ದಿನಕ್ಕೆ ಐದರಿಂದ ಆರು ಕಿಲೋ ಚಿಲ್ಲರೆ. ಹಸಿರು ಹುಲ್ಲಾದರೆ ಮುಕ್ಕಾಲು ಪಾಲು ನೀರೇ ಇರುವುದರಿಂದ ಇಪ್ಪತ್ತರಿಂದ ಇಪ್ಪತ್ತೈದು ಕಿಲೋ ಬೇಕಾಗುತ್ತದೆ. ಇದನ್ನು ನಾಲ್ಕೈದು ಸಲಕ್ಕೆ ಹಂಚಿ, ರಾತ್ರಿ ಮಲಗುವ ಮುಂಚೆ ದೊಡ್ಡ ಪಾಲು ಹಾಕಿ. ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿಟ್ಟರೆ ಎಳೆದೆಳೆದು ತಿನ್ನುತ್ತಾ ಹೊತ್ತು ಕಳೆಯುತ್ತದೆ, ಬಲೆ ಮಾತ್ರ ಕಾಲಿಗೆ ಸಿಗದಷ್ಟು ಎತ್ತರ ಇರಲಿ.

ಕೆಲಸ ಇಲ್ಲದ ದಿನ ಹುರುಳಿ, ಬೂಸಾ ಅರ್ಧಕ್ಕೆ ಇಳಿಸಿ, ಇದು ಖಂಡಿತ. ಬೂಸಾ ಒಂದನ್ನೇ ಸುರಿಯುವವರು ಇದ್ದಾರೆ. ಅದರಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಮ್ಮಿ, ವರ್ಷಗಟ್ಟಲೆ ತಿಂದರೆ ಮೂಳೆಯ ಕ್ಯಾಲ್ಸಿಯಂ ಕರಗಿ ಮುಖದ ಮೂಳೆಯೇ ಊದಿಕೊಳ್ಳುತ್ತದೆ. ಹಳಸಿದ ಅನ್ನ, ಮದುವೆ ಮನೆಯ ಎಂಜಲು ಬೇಡ. ಕೋಳಿ ಫೀಡು ಅಪ್ಪಿತಪ್ಪಿಯೂ ಹತ್ತಿರ ಬರಬಾರದು, ಅದಕ್ಕೆ ಬೆರೆಸುವ ಮೋನೆನ್ಸಿನ್, ಸಾಲಿನೋಮೈಸಿನ್ ತರದ ಔಷಧಿ ಕೋಳಿಗೆ ಏನೂ ಮಾಡುವುದಿಲ್ಲ, ಕುದುರೆಯನ್ನು ಕೊಲ್ಲುತ್ತದೆ.

ನೀರು ದಿನಕ್ಕೆ 20ರಿಂದ 40 ಲೀಟರ್, ಯಾವಾಗಲೂ ಎದುರಿಗೇ ಇರಬೇಕು. ಎರಡು ಹೊತ್ತು ಬಕೆಟ್ ತೋರಿಸಿ ಎತ್ತಿಕೊಂಡು ಹೋಗುವುದಲ್ಲ. ಲಾಳ ಆರರಿಂದ ಎಂಟು ವಾರಕ್ಕೊಮ್ಮೆ ಬಿಚ್ಚಿ ಗೊರಸು ಕತ್ತರಿಸಿ ಮತ್ತೆ ಕಟ್ಟಿಸಬೇಕು. ನಿಂತ ಕುದುರೆಗೆ ಲಾಳವೇ ಬೇಡ, ಗೊರಸು ಸವರಿದರೆ ಸಾಕು. ಧನುರ್ವಾಯು ಚುಚ್ಚುಮದ್ದು ಹಾಕಿಸಿದ್ದಾರಾ ಕೇಳಿ. ನಮ್ಮ ತಾಲೂಕು ಆಸ್ಪತ್ರೆಗಳಲ್ಲಿ ದಿನವಿಡೀ ಹಸು, ಎಮ್ಮೆ, ಕುರಿಯದ್ದೇ ಕೆಲಸ, ಕುದುರೆ ಕೈಯಾಡಿದವರು ಕಮ್ಮಿ. ಆದರೆ ಮೈಸೂರಲ್ಲಿ ರೇಸ್‌ಕೋರ್ಸ್ ಇದೆ, ದಸರಾದಲ್ಲಿ ಸಾಲಾಗಿ ಬರುವ ಪೊಲೀಸ್ ಅಶ್ವದಳ ಇದೆ, ಅರಮನೆ ಸುತ್ತ ಟಾಂಗಾ ಇನ್ನೂ ಓಡುತ್ತಿದೆ. ಅವುಗಳ ಜೊತೆ ಕೆಲಸ ಮಾಡಿದ ಲಾಳದವರು, ಕುದುರೆ ನೋಡಿಕೊಳ್ಳುವವರು, ಡಾಕ್ಟರುಗಳು ಕೇಳಿದರೆ ಸಿಗುತ್ತಾರೆ. ಟಾಂಗಾ ಸ್ಟ್ಯಾಂಡಿನಲ್ಲಿ ಒಂದು ಟೀ ಕುಡಿಸಿ ವಿಚಾರಿಸಿ.

ಕೊನೆಗೆ ಒಂದು. ಬಿಟ್ಟ ಮೊದಲ ದಿನ ಕುದುರೆ ಮಣ್ಣಲ್ಲಿ ಬಿದ್ದು ಹೊರಳಾಡುತ್ತದೆ, ಯಜಮಾನರು ಗಾಬರಿಯಾಗಿ ನಿಮಗೇ ಫೋನ್ ಮಾಡುತ್ತಾರೆ. ಎರಡು ಸಲ ಹೊರಳಿ, ಎದ್ದು ಮೈಯೆಲ್ಲ ಪಟಪಟ ಕೊಡವಿ, ಹುಲ್ಲಿಗೆ ಬಾಯಿ ಹಾಕಿದರೆ ಅದು ಸುಖ, ಹಾಗೇ ಬಿಡಿ. ಕೊಡವದೆ ಎದ್ದು, ಮತ್ತೆ ಬಿದ್ದು, ತಿರುಗಿ ತಿರುಗಿ ಹೊಟ್ಟೆ ನೋಡಿಕೊಳ್ಳುತ್ತಾ, ಹಿಂಗಾಲಿಂದ ಹೊಟ್ಟೆಗೆ ಒದ್ದುಕೊಳ್ಳುತ್ತಾ, ಲದ್ದಿ ಹಾಕದೆ ಬೆವರುತ್ತಿದ್ದರೆ ಅದು ಹೊಟ್ಟೆನೋವು. ಆಗ ಮೇವು ಎತ್ತಿಬಿಡಿ, ಬಾಯಿಗೆ ಎಣ್ಣೆ, ಕಷಾಯ ಏನೂ ಸುರಿಯಬೇಡಿ, ಎದೆಬಡಿತ ಎಣಿಸಿ. ಸುಮ್ಮನೆ ನಿಂತ ದೊಡ್ಡ ಕುದುರೆಗೆ ನಿಮಿಷಕ್ಕೆ 28ರಿಂದ 44 ಸರಿ, 60 ದಾಟಿದ್ದರೆ ಡಾಕ್ಟರಿಗೆ ಫೋನ್ ಮಾಡಿದಾಗ ಮೊದಲು ಆ ಸಂಖ್ಯೆಯನ್ನೇ ಹೇಳಿ.